999ಕ್ಕೆ ಒಂದು ಕೂಡಿಸಿ ನೋಡಿ: ಹಳೆ ಲೆಕ್ಕದ ಮಷಿನ್‌ನಲ್ಲಿ ದಶಕ ದಾಟುವ ಬಗೆ

ಹಿಡಿಕೆ ತಿರುಗಿಸುವ ಹಳೆ ಲೆಕ್ಕದ ಮಷಿನ್ ಒಂದು ಗುಜರಿ ಸಾಮಾನಿನ ನಡುವೆ ನನಗೆ ಸಿಕ್ಕಿತ್ತು. ಆಗ ಡಿಸೆಂಬರ್. ಮಧ್ಯಾಹ್ನ ಯಾವ ಲೆಕ್ಕ ಕೊಟ್ಟರೂ ಉತ್ತರ ಸರಿ ಬರುತ್ತಿತ್ತು. ಬೆಳಿಗ್ಗೆ ಅದೇ ಲೆಕ್ಕ ಕೊಟ್ಟರೆ ತಪ್ಪು. 2,500 ಅನ್ನು 7ರಿಂದ ಗುಣಿಸಿದರೆ 17,500 ಬರಬೇಕು, ಅಲ್ವಾ? ಬೆಳಿಗ್ಗೆ ಅದು 47,500 ತೋರಿಸುತ್ತಿತ್ತು. ಮಧ್ಯಾಹ್ನ ಬಿಸಿಲೇರಿದ ಮೇಲೆ ಮತ್ತೆ 17,500.

ಈ ಒಗಟು ಬಿಡಿಸಲು ನನಗೆ ಒಂದು ವಾರ ಹಿಡಿಯಿತು. ಹಾಗೆ ಹುಡುಕುತ್ತಾ ಹೋದಾಗಲೇ ಈ ಯಂತ್ರಗಳ ಹೊಟ್ಟೆಯೊಳಗಿನ ಅಸಲಿ ಕಷ್ಟ ಯಾವುದೆಂದು ಗೊತ್ತಾದದ್ದು. ಅಂಕಿ ಕೂಡಿಸುವುದು ಕಷ್ಟವೇ ಅಲ್ಲ. ಹತ್ತು ಹಲ್ಲಿನ ಚಕ್ರವನ್ನು ಮೂರು ಹಲ್ಲು ತಿರುಗಿಸಿ, ಮತ್ತೆ ನಾಲ್ಕು ಹಲ್ಲು ತಿರುಗಿಸಿದರೆ ಏಳು ಆಯಿತು. ಕಷ್ಟ ಇರುವುದು ಶಾಲೆಯಲ್ಲಿ ನಾವೆಲ್ಲ ಎಡವಿದ ಜಾಗದಲ್ಲೇ, ಅಂದರೆ ದಶಕದಲ್ಲಿ. "ಎಂಟೂ ಐದೂ ಹದಿಮೂರು, ಮೂರು ಬರೆದು ಕೈಲಿ ಒಂದು" ಅನ್ನುತ್ತೇವಲ್ಲ, ಆ "ಕೈಲಿ ಒಂದು" ಯಂತ್ರದ ಯಾವ ಕೈಯಲ್ಲಿರುತ್ತದೆ? ಅದನ್ನು ಪಕ್ಕದ ಮನೆಗೆ ಯಾರು ಕೊಡುತ್ತಾರೆ? ಯಾವಾಗ? ಕೊಡಲು ಬೇಕಾದ ಬಲ ಎಲ್ಲಿಂದ?

ಓದಿ ತಿಳಿಯುವುದಕ್ಕಿಂತ ಕೈಯಲ್ಲಿ ಹಿಡಿದು ನೋಡಿದರೆ ಇದು ಬೇಗ ಅರ್ಥವಾಗುತ್ತದೆ. ಅದಕ್ಕೇ ಚಿಕ್ಕದರಿಂದ ಶುರು ಮಾಡೋಣ.

ಮೊದಲು ಒಂದು ಎಣಿಕೆ ಗಡಿಯಾರ ನೋಡಿ

ಹಳೆ ಸ್ಕೂಟರಿನ ಕಿಲೋಮೀಟರ್ ಮೀಟರು, ಹಳೆ ಟೇಪ್ ರೆಕಾರ್ಡರಿನ ಮೂರಂಕಿ ಕೌಂಟರ್, ಒತ್ತಿದರೆ ಒಂದೊಂದೇ ಏರುವ ಕೈ ಕೌಂಟರ್ ಇವುಗಳಲ್ಲಿ ಯಾವುದಾದರೂ ಸಾಕು. ಕೆಟ್ಟುಹೋದ ಟೇಪ್ ರೆಕಾರ್ಡರ್ ಇದ್ದರೆ ಅದೇ ಒಳ್ಳೆಯದು, ಬಿಚ್ಚಿದರೆ ಯಾರೂ ಬೈಯುವುದಿಲ್ಲ. ಸ್ಕೂಟರ್ ಮೀಟರನ್ನು ಮಾತ್ರ ಬಿಚ್ಚಬೇಡಿ, ಗಾಜಿನ ಹೊರಗಿನಿಂದಲೇ ನೋಡಿ.

ಕೊನೆಯ ಅಂಕಿ 9ಕ್ಕೆ ಬರುವವರೆಗೆ ಪಕ್ಕದ ಅಂಕಿ ಕದಲುವುದಿಲ್ಲ. 9 ಬಿಟ್ಟು 0ಗೆ ಹೊರಡುವಾಗ ಮಾತ್ರ ಪಕ್ಕದ ಅಂಕಿಯೂ ಜೊತೆಗೇ ಎದ್ದು ಹೊರಡುತ್ತದೆ. ಒಳಗೆ ಇರುವುದು ಇಷ್ಟೇ: ಪ್ರತಿ ಅಂಕಿ ಉರುಳೆಯ ಒಂದು ಬದಿಗೆ ಎರಡೇ ಎರಡು ಹಲ್ಲು, ಇನ್ನೊಂದು ಬದಿಗೆ ಸುತ್ತಲೂ ಇಪ್ಪತ್ತು ಹಲ್ಲು. ಎರಡು ಉರುಳೆಗಳ ನಡುವೆ, ಸ್ವಲ್ಪ ಕೆಳಗೆ, ಒಂದು ಪುಟ್ಟ ಹಲ್ಲುಚಕ್ರ. ಉರುಳೆ ಒಂದು ಸುತ್ತು ಮುಗಿಸುವಾಗ ಆ ಎರಡು ಹಲ್ಲು ಬಂದು ಪುಟ್ಟ ಚಕ್ರವನ್ನು ಎರಡು ಹಲ್ಲಿನಷ್ಟು ತಿರುಗಿಸುತ್ತವೆ. ಪುಟ್ಟ ಚಕ್ರ ಪಕ್ಕದ ಉರುಳೆಯನ್ನು ಇಪ್ಪತ್ತರಲ್ಲಿ ಎರಡು ಹಲ್ಲು, ಅಂದರೆ ಹತ್ತರಲ್ಲಿ ಒಂದು ಭಾಗ ತಿರುಗಿಸುತ್ತದೆ. ದಶಕ ದಾಟಿತು.

ಇದರಲ್ಲಿ ನನಗೆ ತುಂಬ ಇಷ್ಟವಾದ ಕುಶಲತೆ ಬೇರೆಯೇ ಇದೆ. ಪುಟ್ಟ ಚಕ್ರದ ಹಲ್ಲುಗಳನ್ನು ಹತ್ತಿರದಿಂದ ನೋಡಿ. ಒಂದು ಬಿಟ್ಟು ಒಂದು ಹಲ್ಲು ಅರ್ಧಕ್ಕೆ ಕತ್ತರಿಸಿದ ಹಾಗಿರುತ್ತದೆ. ಎರಡು ಹಲ್ಲು ಬಾರದ ಹೊತ್ತಿನಲ್ಲಿ, ಕತ್ತರಿಸದೆ ಉಳಿದ ಉದ್ದ ಹಲ್ಲುಗಳು ಉರುಳೆಯ ನುಣುಪಾದ ಅಂಚಿಗೆ ಆತುಕೊಂಡಿರುತ್ತವೆ. ಹಾಗಾಗಿ ಪುಟ್ಟ ಚಕ್ರ ತಿರುಗಲು ಆಗುವುದೇ ಇಲ್ಲ. ಸ್ಕೂಟರ್ ಎಷ್ಟೇ ಕುಲುಕಾಡಿದರೂ ನೂರರ ಅಂಕಿ ತಾನಾಗಿ ಜಾರುವುದಿಲ್ಲ. ದಶಕ ಕೊಡುವುದು ಎಷ್ಟು ಮುಖ್ಯವೋ, ಕೊಡಬಾರದ ಹೊತ್ತಿನಲ್ಲಿ ಕೊಡದೇ ಇರುವುದೂ ಅಷ್ಟೇ ಮುಖ್ಯ. ನನ್ನ ಮಷಿನ್ ಎಡವಿದ್ದು ಈ ಎರಡನೆಯದರಲ್ಲಿ.

ರಟ್ಟಿನಲ್ಲಿ ಮಾಡಿ, ಬೆರಳಿಗೆ ಭಾರ ಗೊತ್ತಾಗಲಿ

ಈಗ ಸ್ವಂತ ಕೈಯಲ್ಲಿ ಮೂರಂಕಿಯ ಯಂತ್ರ. ರಟ್ಟಿನ ಪೆಟ್ಟಿಗೆ, ಹಲ್ಲುಕಡ್ಡಿ, ಫೆವಿಕಾಲ್, ಮೂರು ಮೊಳೆ, ಒಂದು ಹಲಗೆ. ಮಕ್ಕಳಿದ್ದರೆ ಅರ್ಧ ದಿನದ ಕೆಲಸ, ಇಲ್ಲದಿದ್ದರೆ ಎರಡು ಗಂಟೆ.

4 ಸೆಂಟಿಮೀಟರ್ ತ್ರಿಜ್ಯದ ಮೂರು ಬಿಲ್ಲೆ ಕತ್ತರಿಸಿ. ಪ್ರತಿಯೊಂದಕ್ಕೂ ಸುತ್ತಲೂ ಸಮ ಅಂತರದಲ್ಲಿ ಹತ್ತು ಕಡ್ಡಿ ಅಂಟಿಸಿ, ಬಿಲ್ಲೆಯಿಂದ 1 ಸೆಂಟಿಮೀಟರ್ ಹೊರಗೆ ಚಾಚುವಂತೆ. ಇವು ಅಂಕಿ ಹಲ್ಲುಗಳು. ಇನ್ನು ದಶಕದ ಹಲ್ಲಿಗೆ 3 ಸೆಂಟಿಮೀಟರ್ ತ್ರಿಜ್ಯದ ಎರಡು ಚಿಕ್ಕ ಬಿಲ್ಲೆ. ಒಂದೊಂದಕ್ಕೂ ಒಂದೇ ಕಡ್ಡಿ, ಅದರ ತುದಿ ನಡುವಿನ ಮೊಳೆಯಿಂದ 5.8 ಸೆಂಟಿಮೀಟರ್ ದೂರಕ್ಕೆ ಬರಲಿ. ಹಲಗೆಯ ಮೇಲೆ ಮೊಳೆಗಳನ್ನು ಒಂದೇ ಸಾಲಿನಲ್ಲಿ 10 ಸೆಂಟಿಮೀಟರ್ ಅಂತರಕ್ಕೆ ಹೊಡೆಯಿರಿ. ಈ ಅಳತೆಗಳಲ್ಲಿ ಅಂಕಿ ಹಲ್ಲುಗಳು ಒಂದಕ್ಕೊಂದು ತಗಲುವುದಿಲ್ಲ, ದಶಕದ ಹಲ್ಲು ಮಾತ್ರ ಪಕ್ಕದ ಚಕ್ರಕ್ಕೆ ಮುಟ್ಟುತ್ತದೆ.

ಜೋಡಿಸುವಾಗ ಎಲ್ಲರೂ ಮಾಡುವ ತಪ್ಪೊಂದಿದೆ. ಮೂರೂ ಚಕ್ರವನ್ನು ಒಂದೇ ಎತ್ತರದಲ್ಲಿ ಇಟ್ಟರೆ ಹತ್ತರ ಚಕ್ರದ ಉದ್ದ ಹಲ್ಲು ಮುಂದಿನ ನೂರರ ಚಕ್ರಕ್ಕೂ ತಗಲುತ್ತದೆ, ಹಿಂದಿನ ಬಿಡಿ ಚಕ್ರಕ್ಕೂ ತಗಲುತ್ತದೆ. ದಶಕ ಹಿಂದಕ್ಕೂ ಹರಿದು ಎಲ್ಲ ಕಲಸುಮೇಲೋಗರ. ಮೆಟ್ಟಿಲಿನ ಹಾಗೆ ಜೋಡಿಸಿ. ಬಿಡಿಸ್ಥಾನದ ಅಂಕಿ ಬಿಲ್ಲೆ ಕೆಳಗೆ, ಅದರ ಮೇಲೆ ದಶಕದ ಬಿಲ್ಲೆ ಅಂಟಿಸಿ. ಹತ್ತರ ಸ್ಥಾನಕ್ಕೆ ಮೊದಲು ಒಂದು ಪುಟ್ಟ ಖಾಲಿ ಬಿಲ್ಲೆ, ಅದರ ಮೇಲೆ ಅಂಕಿ ಬಿಲ್ಲೆ, ಅದರ ಮೇಲೆ ದಶಕದ ಬಿಲ್ಲೆ. ನೂರಕ್ಕೆ ಎರಡು ಖಾಲಿ ಬಿಲ್ಲೆ, ಮೇಲೆ ಅಂಕಿ ಬಿಲ್ಲೆ. ಬಿಡಿಯ ದಶಕದ ಹಲ್ಲೂ ಹತ್ತರ ಅಂಕಿ ಹಲ್ಲುಗಳೂ ಒಂದೇ ಎತ್ತರಕ್ಕೆ ಬರಬೇಕು. ಬರದಿದ್ದರೆ ಕೆಳಗೆ ಕಾಗದ ಮಡಚಿ ಇಡಿ.

ಅಂಕಿ ಬರೆಯುವಾಗಲೂ ಹುಷಾರು. ಪಕ್ಕಪಕ್ಕದ ಚಕ್ರಗಳು ಎದುರುಬದುರಾಗಿ ತಿರುಗುತ್ತವೆ. ಆದ್ದರಿಂದ ಹತ್ತರ ಚಕ್ರದಲ್ಲಿ 0ರಿಂದ 9 ಉಲ್ಟಾ ದಿಕ್ಕಿನಲ್ಲಿ ಬರೆಯಬೇಕು. ಮುಳ್ಳು ತಿರುಗುವ ಹಳೆ ಕರೆಂಟ್ ಮೀಟರುಗಳಲ್ಲಿ ಒಂದು ಮುಳ್ಳು ಬಲಕ್ಕೆ, ಪಕ್ಕದ್ದು ಎಡಕ್ಕೆ ತಿರುಗುತ್ತಿದ್ದದ್ದೂ ಇದೇ ಕಾರಣಕ್ಕೆ. ಇನ್ನು ದಶಕದ ಹಲ್ಲನ್ನು ಎಲ್ಲಿ ಇಡಬೇಕೆಂದರೆ, ಚಕ್ರ 9 ಮತ್ತು 0ಯ ನಡುವೆ ಅರ್ಧ ದಾರಿಯಲ್ಲಿರುವಾಗ ಆ ಹಲ್ಲು ಪಕ್ಕದ ಮೊಳೆಗೆ ನೇರ ಮುಖ ಮಾಡಿರಬೇಕು.

ಈಗ 009 ಇಟ್ಟು ಒಂದು ಕೂಡಿಸಿ. ಸಲೀಸಾಗಿ 010. ಆಮೇಲೆ 099 ಇಟ್ಟು ಒಂದು ಕೂಡಿಸಿ. ಬೆರಳಿಗೆ ತಟ್ಟನೆ ಭಾರ ಗೊತ್ತಾಗುತ್ತದೆ. ನೀವು ತಿರುಗಿಸುತ್ತಿರುವುದು ಒಂದೇ ಚಕ್ರ, ಆದರೆ ಅದು ಎರಡನೆಯದನ್ನು ತಳ್ಳಬೇಕು, ಎರಡನೆಯದು ಮೂರನೆಯದನ್ನು ತಳ್ಳಬೇಕು. ಆರು ಚಕ್ರ ಇದ್ದು 099999 ಇದ್ದರೆ? ಎಲ್ಲದರ ತಿಕ್ಕಾಟವೂ ಒಂದೇ ಬೆರಳಿನ ಮೇಲೆ. ರಟ್ಟಾದರೆ ಕಡ್ಡಿ ಮುರಿಯುತ್ತದೆ, ಲೋಹವಾದರೆ ಹಲ್ಲು ಸವೆಯುತ್ತದೆ.

ಜರ್ಮನಿಯ ಟ್ಯೂಬಿಂಗನ್‌ನ ವಿಲ್‌ಹೆಲ್ಮ್ ಶಿಕಾರ್ಡ್ 1623ರಲ್ಲಿ ಕಟ್ಟಿದ್ದು ಇಂಥ ಒಂಟಿ ಹಲ್ಲಿನ ಯಂತ್ರವನ್ನೇ. ಅದಕ್ಕೆ ಆರು ಅಂಕಿ. ಖಗೋಳಜ್ಞ ಕೆಪ್ಲರ್‌ಗೆಂದು ಮಾಡಿಸುತ್ತಿದ್ದ ಇನ್ನೊಂದು ಯಂತ್ರ ಮುಗಿಯುವ ಮೊದಲೇ ಬೆಂಕಿಗೆ ಹೋಯಿತು.

ಪ್ಯಾಸ್ಕಲ್‌ನ ಬೀಳುವ ತೋಳು

ಭಾರದ ಈ ಗೋಳಿಗೆ ಉತ್ತರ ಹುಡುಕಿದ್ದು ಬ್ಲೇಸ್ ಪ್ಯಾಸ್ಕಲ್. ಫ್ರಾನ್ಸಿನ ರೂಆನ್‌ನಲ್ಲಿ ತೆರಿಗೆ ಲೆಕ್ಕದಲ್ಲಿ ಮುಳುಗಿಹೋಗಿದ್ದ ಅಪ್ಪನಿಗೆ ನೆರವಾಗಲೆಂದು 1642ರಲ್ಲಿ ಶುರು ಮಾಡಿದಾಗ ಅವನಿಗೆ ಹತ್ತೊಂಬತ್ತು ವರ್ಷ.

ಅವನ ಉಪಾಯ ಹೀಗೆ. ಎರಡು ಚಕ್ರಗಳ ನಡುವೆ ಭಾರವಾದ ಒಂದು ತೋಳು. ಚಕ್ರ 5, 6, 7 ಎಂದು ಏರುತ್ತಿದ್ದಂತೆ ಅದರ ಗೂಟಗಳು ಈ ತೋಳನ್ನು ಸ್ವಲ್ಪ ಸ್ವಲ್ಪವೇ ಮೇಲೆತ್ತುತ್ತವೆ. 9 ದಾಟಿ 0ಗೆ ಬರುತ್ತಿದ್ದಂತೆ ಗೂಟ ತಪ್ಪಿಹೋಗಿ ತೋಳು ಧಪ್ಪನೆ ಬೀಳುತ್ತದೆ. ಬೀಳುವಾಗ ಅದರ ಕೊಕ್ಕೆ ಪಕ್ಕದ ಚಕ್ರವನ್ನು ಒಂದು ಹೆಜ್ಜೆ ಒದೆಯುತ್ತದೆ.

ಅಂದರೆ ಬಲವನ್ನು ಮೊದಲೇ ಕಂತಿನಲ್ಲಿ ಕಟ್ಟಿರುತ್ತೀರಿ. 99999 ಇದ್ದಾಗ ಐದೂ ತೋಳುಗಳು ಮೇಲೆದ್ದು ಕಾಯುತ್ತಿರುತ್ತವೆ. ಬಿಡಿ ಚಕ್ರವನ್ನು ಒಂದು ಹೆಜ್ಜೆ ತಿರುಗಿಸಿದರೆ ಮೊದಲ ತೋಳು ಬೀಳುತ್ತದೆ, ಅದು ಒದ್ದದ್ದಕ್ಕೆ ಎರಡನೆಯದು ಬೀಳುತ್ತದೆ, ಹೀಗೆ ಟಕಟಕ ಎಂದು ಕೊನೆಯವರೆಗೆ. ನಿಮ್ಮ ಬೆರಳಿಗೆ ಒಂದೇ ಚಕ್ರದ ಭಾರ.

ತೊಂದರೆ ಇಲ್ಲವೆಂದಲ್ಲ. ತೋಳು ತನ್ನ ಭಾರಕ್ಕೆ ಬೀಳಬೇಕಾದ್ದರಿಂದ ಯಂತ್ರವನ್ನು ಓರೆ ಇಡುವ ಹಾಗಿಲ್ಲ. ಚಕ್ರ ಹಿಂದಕ್ಕೆ ತಿರುಗುವುದಿಲ್ಲ, ಹಾಗಾಗಿ ಕಳೆಯುವ ಲೆಕ್ಕವನ್ನೂ ಕೂಡಿಸಿಯೇ ಮಾಡಬೇಕು. ಅಂಕಿಗಳನ್ನು 9ರಿಂದ ಕಳೆದು ಬರುವ ಪೂರಕ ಸಂಖ್ಯೆಯ ಉಪಾಯ ಅದಕ್ಕೇ. ಮೂರು ಶತಮಾನ ಕಳೆದು ಕುರ್ಟ್ ಹೆರ್ಟ್ಸ್‌ಟಾರ್ಕ್ ಮಾಡಿದ ಮುಷ್ಟಿಗಾತ್ರದ ಕುರ್ಟಾ ಯಂತ್ರವೂ ಕಳೆಯುವುದಕ್ಕೆ ಇದೇ ದಾರಿ ಹಿಡಿಯಿತು. ದಶಕ ಒಂದೇ ದಿಕ್ಕಿಗೆ ಹೋದರೆ ಸಾಕು, ಯಂತ್ರ ಚಿಕ್ಕದಾಗುತ್ತದೆ.

ಪ್ಯಾಸ್ಕಲ್‌ನ ಹಣದ ಯಂತ್ರಗಳಲ್ಲಿ ಎಲ್ಲ ಚಕ್ರಗಳೂ ಹತ್ತಕ್ಕೆ ದಾಟುತ್ತಿರಲಿಲ್ಲ. ಫ್ರಾನ್ಸಿನ ಅಂದಿನ ಲೆಕ್ಕದಲ್ಲಿ 12 ದನಿಯೇ ಸೇರಿ ಒಂದು ಸೋಲ್, 20 ಸೋಲ್ ಸೇರಿ ಒಂದು ಲಿವ್ರ್. ಆದ್ದರಿಂದ ಒಂದು ಚಕ್ರ 12ಕ್ಕೆ, ಇನ್ನೊಂದು 20ಕ್ಕೆ ದಾಟಬೇಕಿತ್ತು. ನಮ್ಮಲ್ಲೂ 1957ರವರೆಗೆ 12 ಪೈಗೆ ಒಂದು ಆಣೆ, 16 ಆಣೆಗೆ ಒಂದು ರೂಪಾಯಿ ಇತ್ತಲ್ಲ. ರಟ್ಟಿನ ಯಂತ್ರ ಚೆನ್ನಾಗಿ ಬಂದಿದ್ದರೆ ಆಣೆಯದ್ದೊಂದು ಮಾಡಿ ನೋಡಿ. ಬಿಡಿಯ ಚಕ್ರಕ್ಕೆ ಹನ್ನೆರಡು ಮನೆ, ನಡುವಿನ ಚಕ್ರಕ್ಕೆ ಹದಿನಾರು ಹಲ್ಲು. ಹಲ್ಲುಗಳ ಅಂತರ ಬದಲಾದರೆ ಉದ್ದ ಹಲ್ಲಿನ ಅಳತೆಯನ್ನೂ ಹೊಸದಾಗಿ ಹೊಂದಿಸಬೇಕಾಗುತ್ತದೆ.

ಮೊದಲು ಗುರುತು, ಆಮೇಲೆ ಕೊಡುವುದು

ಇಲ್ಲಿಯವರೆಗೆ ಒಂದು ಸಲಕ್ಕೆ ಒಂದು ಚಕ್ರ ತಿರುಗಿಸುತ್ತಿದ್ದೆವು. ಗುಣಾಕಾರ ಮಾಡುವ ಯಂತ್ರದಲ್ಲಿ ಹಿಡಿಕೆ ಒಂದು ಸುತ್ತು ಬಂದರೆ ಎಲ್ಲ ಚಕ್ರಗಳೂ ಒಟ್ಟಿಗೇ ತಿರುಗಬೇಕು. ಈಗ ಹೊಸ ತಾಪತ್ರಯ. ಸಾವಿರದ ಚಕ್ರ ತನ್ನ ಲೆಕ್ಕಕ್ಕೆ ತಿರುಗುತ್ತಿರುವಾಗಲೇ ನೂರರ ಚಕ್ರದಿಂದ ದಶಕ ಬಂದು ತಳ್ಳಿದರೆ? ಎರಡು ಕಡೆಯಿಂದ ಒಂದೇ ಹಲ್ಲಿಗೆ ಪೆಟ್ಟು. ಒಂದೋ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ದಶಕ ಕಳೆದುಹೋಗುತ್ತದೆ.

ಜರ್ಮನಿಯ ಗಣಿತಜ್ಞ ಲೈಬ್‌ನಿಟ್ಸ್ 1670ರ ನಂತರ ಇಪ್ಪತ್ತು ವರ್ಷ ಗುದ್ದಾಡಿದ್ದು ಇದರ ಜೊತೆಗೇ. ಅವನ ಯಂತ್ರದಲ್ಲಿ ದಶಕದ ಮೇಲೆ ದಶಕ ಬಂದರೆ ಕೆಲವು ಅರ್ಧದಲ್ಲೇ ನಿಂತುಬಿಡುತ್ತಿದ್ದವು. ಹಾಗೆ ನಿಂತದ್ದನ್ನು ಮೇಲಿನ ಐದು ಮೂಲೆಯ ಬಿಲ್ಲೆಗಳು ತೋರಿಸುತ್ತಿದ್ದವು, ಲೆಕ್ಕ ಮಾಡುವವನು ಕೈಯಿಂದ ತಳ್ಳಿಕೊಡಬೇಕಿತ್ತು.

ಆಮೇಲೆ ಬಂದ ಒಳ್ಳೆಯ ಯಂತ್ರಗಳೆಲ್ಲ ಅಂಗಡಿಯ ಬಾಕಿ ಪುಸ್ತಕದ ರೀತಿ ಹಿಡಿದವು. ವ್ಯಾಪಾರ ಜೋರಾಗಿರುವಾಗ ಚಿಲ್ಲರೆಗೆ ತಡಕಾಡಬೇಡ. ಬಾಕಿ ಎಂದು ಗುರುತು ಹಾಕಿಕೋ, ಜನ ಕಡಿಮೆಯಾದ ಮೇಲೆ ಒಬ್ಬೊಬ್ಬರಿಗೇ ಕೊಡು.

ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ ಸ್ವೀಡನ್ನಿನ ವಿಲ್‌ಗಾಟ್ ಓಡ್ನರ್ 1870ರ ನಂತರ ರೂಪಿಸಿದ ಪಿನ್‌ಚಕ್ರದ (ಇಟ್ಟ ಅಂಕಿಯಷ್ಟು ಪಿನ್‌ಗಳು ಹೊರಚಾಚುವ ಚಕ್ರದ) ಮಷಿನ್ ಇದಕ್ಕೆ ಚೆಂದದ ಉದಾಹರಣೆ. 1890ರಿಂದ ಅವನ ಕಾರ್ಖಾನೆಯಲ್ಲಿ ದೊಡ್ಡ ಸಂಖ್ಯೆಯಲ್ಲಿ ತಯಾರಾಯಿತು. ಜರ್ಮನಿಯ ಬ್ರುನ್ಸ್‌ವಿಗಾ, ಸೋವಿಯತ್ ಫೆಲಿಕ್ಸ್ ಇದರ ಸಂತಾನ. ಸ್ವೀಡನ್ನಿನ ಫ್ಯಾಸಿಟ್ ಕೂಡ ಪಿನ್‌ಚಕ್ರದ್ದೇ. ನಮ್ಮ ಕಡೆ ಸಂಖ್ಯಾಶಾಸ್ತ್ರ ಓದಿದ ಹಿರಿಯರನ್ನು ಕೇಳಿ, ಪ್ರಾಕ್ಟಿಕಲ್ಸ್‌ನಲ್ಲಿ ಹಿಡಿಕೆ ತಿರುಗಿಸಿದ ನೆನಪು ಹೇಳುವವರು ಸಿಗುತ್ತಾರೆ.

ನನ್ನ ಲೆಕ್ಕವನ್ನೇ ತಗೊಳ್ಳಿ. 2,500 ಇಟ್ಟು ಮೂರು ಸುತ್ತು ಆಗಿದೆ, ಕಿಂಡಿಯಲ್ಲಿ 7,500 ಇದೆ. ನಾಲ್ಕನೆಯ ಸುತ್ತನ್ನು ನಿಧಾನವಾಗಿ ತಿರುಗಿಸೋಣ.

ಸುತ್ತಿನ ಮೊದಲ ಭಾಗದಲ್ಲಿ ನೀವು ಇಟ್ಟ ಅಂಕಿಯಷ್ಟು ಪಿನ್‌ಗಳು ಹಾದುಹೋಗುತ್ತವೆ. ಸಾವಿರದ ಚಕ್ರ 7ರಿಂದ ಎರಡು ಹೆಜ್ಜೆ ಹೋಗಿ 9ಕ್ಕೆ ನಿಲ್ಲುತ್ತದೆ. ನೂರರ ಚಕ್ರ 5ರಿಂದ ಐದು ಹೆಜ್ಜೆ ಹೋಗಿ 0 ದಾಟುತ್ತದೆ. ದಾಟುವಾಗ ಅದು ಸಾವಿರಕ್ಕೆ ಒಂದನ್ನು ಕೊಡುವುದಿಲ್ಲ. ಸಾವಿರದ ಎದುರಿಗಿರುವ ಪುಟ್ಟ ಲಿವರನ್ನು ತಳ್ಳಿ ಸುಮ್ಮನಾಗುತ್ತದೆ. ಅದೇ ಬಾಕಿಯ ಗುರುತು.

ಎರಡನೆಯ ಭಾಗದಲ್ಲಿ ದಶಕದ ಪಿನ್‌ಗಳು ಬರುತ್ತವೆ. ಪ್ರತಿ ಸ್ಥಾನಕ್ಕೂ ಸ್ಪ್ರಿಂಗ್ ಇರುವ ಒಂದು ಪಿನ್. ಲಿವರ್ ತಳ್ಳಿಸಿಕೊಳ್ಳದೆ ಇದ್ದರೆ ಪಿನ್ ಚಕ್ರವನ್ನು ಮುಟ್ಟದೆ ಹಾದುಹೋಗುತ್ತದೆ. ತಳ್ಳಿದ ಲಿವರ್ ಎದುರಾದರೆ ಅದು ಪಿನ್ನನ್ನು ಪಕ್ಕಕ್ಕೆ ಸರಿಸುತ್ತದೆ, ಪಿನ್ ಚಕ್ರದ ಹಲ್ಲಿಗೆ ಸಿಕ್ಕಿ ಒಂದು ಹೆಜ್ಜೆ ತಿರುಗಿಸುತ್ತದೆ. ಬಾಕಿ ತೀರಿತು, ಲಿವರ್ ವಾಪಸ್, ಪಿನ್ ಸ್ಪ್ರಿಂಗಿನ ಬಲಕ್ಕೆ ತನ್ನ ಜಾಗಕ್ಕೆ.

ಆದರೆ 9ರಲ್ಲಿ ನಿಂತಿದ್ದ ಸಾವಿರದ ಚಕ್ರ ಈಗ ತಾನೂ 0 ದಾಟಿತು. ಹತ್ತುಸಾವಿರದ ಲಿವರ್ ಈಗ ತಾನೇ ತಳ್ಳಿಸಿಕೊಂಡಿತು. ಅದರ ಪಿನ್ ಆಗಲೇ ಹಾದುಹೋಗಿದ್ದರೆ ದಶಕ ಮುಳುಗಿತು. ಹಾಗಾಗಬಾರದೆಂದೇ ದಶಕದ ಪಿನ್‌ಗಳನ್ನು ಒಂದೇ ಸಾಲಿನಲ್ಲಿ ಇಟ್ಟಿಲ್ಲ. ಸುರುಳಿ ಮೆಟ್ಟಿಲಿನ ಹಾಗೆ ಒಂದರ ಹಿಂದೆ ಒಂದು ಓರೆಯಾಗಿ ಇಟ್ಟಿದ್ದಾರೆ. ಹತ್ತರದ್ದು ಮೊದಲು, ನೂರರದ್ದು ಆಮೇಲೆ, ಸಾವಿರದ್ದು ಅದರ ನಂತರ. ಹಾಗಾಗಿ ಹತ್ತುಸಾವಿರದ ಪಿನ್ ಬರುವಷ್ಟರಲ್ಲಿ ಗುರುತು ತಯಾರಾಗಿರುತ್ತದೆ. ಕಿಂಡಿಯಲ್ಲಿ 10,000. ಮುಚ್ಚಳ ತೆಗೆದ ಮಷಿನ್ ಸಿಕ್ಕರೆ ನೋಡಲೇಬೇಕಾದದ್ದು ಈ ಸುರುಳಿ.

ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಇದಕ್ಕೂ ಮೊದಲೇ ಇದೇ ಜಾಡಿನಲ್ಲಿದ್ದ. 1847ರಿಂದ 1849ರ ನಡುವೆ ಅವನು ಬರೆದ ಡಿಫರೆನ್ಸ್ ಎಂಜಿನ್ 2 ಎಂಬ ಲೆಕ್ಕದ ಯಂತ್ರದ ನಕ್ಷೆಯಲ್ಲಿ 31 ಅಂಕಿಗಳ ಕಂಬಗಳಿವೆ. ಅಲ್ಲೂ ಮೊದಲು ಗುರುತು, ಆಮೇಲೆ ಸುರುಳಿಯಾಗಿ ಜೋಡಿಸಿದ ತೋಳುಗಳು ಕೆಳಗಿನಿಂದ ಮೇಲಕ್ಕೆ ಒಂದೊಂದೇ ಬಾಕಿ ತೀರಿಸುತ್ತವೆ. ಲಂಡನ್ನಿನ ಸೈನ್ಸ್ ಮ್ಯೂಸಿಯಂ 1991ರಲ್ಲಿ ಅದನ್ನು ಕಟ್ಟಿ ಓಡಿಸಿತು. ಆ ತೋಳುಗಳು ಕಂಬದುದ್ದಕ್ಕೂ ಅಲೆಯ ಹಾಗೆ ಏರುವುದನ್ನು ವಿಡಿಯೊದಲ್ಲಾದರೂ ನೋಡಿ. ಅನಲಿಟಿಕಲ್ ಎಂಜಿನ್ ಎಂಬ ತನ್ನ ಇನ್ನೊಂದು ಯಂತ್ರಕ್ಕಾಗಿ ಬ್ಯಾಬೇಜ್ ಇನ್ನೂ ಮುಂದೆ ಹೋಗಿ, 9ರಲ್ಲಿ ನಿಂತ ಚಕ್ರಗಳನ್ನು ಮೊದಲೇ ಗುರುತಿಸಿ ಎಲ್ಲ ದಶಕವನ್ನೂ ಒಂದೇ ಏಟಿಗೆ ದಾಟಿಸುವ ವ್ಯವಸ್ಥೆ ಯೋಚಿಸಿದ್ದ. ಇವತ್ತಿನ ಕಂಪ್ಯೂಟರ್ ಚಿಪ್‌ಗಳಲ್ಲೂ ಇದೇ ಯೋಚನೆ ಬೇರೆ ವೇಷದಲ್ಲಿದೆ.

ಮಷಿನ್ ಕೈಗೆ ಸಿಕ್ಕರೆ ಹೀಗೆ ಪರೀಕ್ಷಿಸಿ

ಹಿಡಿಕೆಯನ್ನು ಒಮ್ಮೆ ತಿರುಗಿಸಲು ಶುರು ಮಾಡಿದರೆ ಸುತ್ತು ಮುಗಿಸಿಯೇ ಬಿಡಿ. ನಡುವೆ ಹಿಂದಕ್ಕೆ ಎಳೆಯಬೇಡಿ. ಅರ್ಧ ಗುರುತು, ಅರ್ಧ ಬಾಕಿ ಸ್ಥಿತಿಯಲ್ಲಿ ಸಿಕ್ಕಿಕೊಳ್ಳುವುದು ಹೀಗೆಯೇ. ಬಿಗಿಯಾಗಿದ್ದರೆ ಬಲ ಹಾಕಬೇಡಿ, ಮೊದಲು ಸ್ವಚ್ಛ ಮಾಡಿ.

ಎಲ್ಲ ಕಿಂಡಿಗಳನ್ನೂ ಸೊನ್ನೆ ಮಾಡಿ. ಬಿಡಿಸ್ಥಾನದಲ್ಲಿ 1 ಇಟ್ಟು ಕಳೆಯುವ ದಿಕ್ಕಿಗೆ ಒಂದು ಸುತ್ತು. ಸೊನ್ನೆಯಿಂದ ಒಂದು ಕಳೆದರೆ ಕಿಂಡಿಗಳಲ್ಲಿ ಬಲದಿಂದ ಎಡಕ್ಕೆ ಬರೀ 9. ಬಹಳ ಮಷಿನ್‌ಗಳು ಈಗ ಗಂಟೆ ಹೊಡೆಯುತ್ತವೆ, ಗಾಬರಿ ಬೇಡ. ಆಮೇಲೆ ಕೂಡುವ ದಿಕ್ಕಿಗೆ ಒಂದು ಸುತ್ತು, ಎಲ್ಲವೂ ಮತ್ತೆ 0. ಪ್ಯಾಸ್ಕಲ್‌ನ ಯಂತ್ರವನ್ನು ಸೊನ್ನೆ ಮಾಡುತ್ತಿದ್ದದ್ದೂ ಎಲ್ಲ ಚಕ್ರಕ್ಕೂ 9 ಇಟ್ಟು ಒಂದು ಕೂಡಿಸಿಯೇ. ಎಡತುದಿಯ ಒಂದೆರಡು ಕಿಂಡಿ ಬದಲಾಗದೇ ಉಳಿದರೆ ಅದು ದೋಷವಲ್ಲ. ಹಲವು ಮಾದರಿಗಳಲ್ಲಿ ದಶಕದ ಪಿನ್‌ಗಳು ಅಷ್ಟು ದೂರ ಇರುವುದೇ ಇಲ್ಲ. ಸುತ್ತು ಎಣಿಸುವ ಚಿಕ್ಕ ಕಿಂಡಿಗಳಿಗೆ ಫೆಲಿಕ್ಸ್‌ನಂಥ ಸರಳ ಮಾದರಿಗಳಲ್ಲಿ ದಶಕವೇ ಇಲ್ಲ. ನಡುವೆ ಎಲ್ಲೋ 9ರ ಸಾಲು ತುಂಡಾದರೆ ಆ ಸ್ಥಾನದ ದಶಕ ಕಳೆದುಹೋಗುತ್ತಿದೆ ಎಂದರ್ಥ.

ಇದರ ನಂತರ ಜನ ಬಿಟ್ಟುಬಿಡುವ ಇನ್ನೊಂದು ಪರೀಕ್ಷೆ. ಇಟ್ಟ ಅಂಕಿಯನ್ನೂ ಸೊನ್ನೆ ಮಾಡಿ, ಸುಮ್ನೆ ಐದಾರು ಸುತ್ತು ತಿರುಗಿಸಿ. ಏನೂ ಬದಲಾಗಬಾರದು. ಯಾವುದಾದರೂ ಕಿಂಡಿ ತಾನಾಗಿ ಏರಿದರೆ ದಶಕದ ಪಿನ್ ವಾಪಸ್ ಬರದೆ ಸಿಕ್ಕಿಕೊಂಡಿದೆ. ಕೂಡಲು, ಕಳೆಯಲು ಬೇರೆ ಬೇರೆ ಪಿನ್ ಇರುವುದರಿಂದ ಎರಡೂ ದಿಕ್ಕಿಗೆ ತಿರುಗಿಸಿ ನೋಡಿ.

ತಪ್ಪು ಸಿಕ್ಕಿದರೆ ಉತ್ತರದ ಕಿಂಡಿಗಳಿರುವ ಕೆಳಗಿನ ಗಾಡಿಯನ್ನು ಒಂದು ಮನೆ ಸರಿಸಿ ಮತ್ತೆ ಪರೀಕ್ಷಿಸಿ. ಲಿವರ್‌ಗಳು ಇರುವುದು ಗಾಡಿಯಲ್ಲಿ, ಪಿನ್‌ಗಳು ಇರುವುದು ಮೇಲಿನ ಉರುಳೆಯಲ್ಲಿ. ತಪ್ಪು ಅದೇ ಕಿಂಡಿಯಲ್ಲಿ ಉಳಿದರೆ ಲಿವರಿನದ್ದು. ಪಕ್ಕದ ಕಿಂಡಿಗೆ ಹೋದರೆ ಪಿನ್ನಿನದ್ದು. ಸ್ಕ್ರೂ ಬಿಚ್ಚುವ ಮೊದಲು ಎರಡು ನಿಮಿಷದ ಈ ಕೆಲಸ ಮಾಡಿದರೆ ಎರಡು ದಿನ ಉಳಿಯುತ್ತದೆ.

ನನ್ನ ಮಷಿನ್‌ನಲ್ಲಿ ತಪ್ಪು ಪಕ್ಕದ ಕಿಂಡಿಗೆ ಹೋಯಿತು. ನಾಲ್ಕನೆಯ ಸುತ್ತಿನಲ್ಲಿ ಹತ್ತುಸಾವಿರದ ಪಿನ್ ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಆದರೆ ಜಾಗಕ್ಕೆ ವಾಪಸ್ ಬರುತ್ತಿರಲಿಲ್ಲ. ಐದು, ಆರು, ಏಳನೆಯ ಸುತ್ತಿನಲ್ಲೂ ಹತ್ತತ್ತು ಸಾವಿರ ಕೊಡುತ್ತಲೇ ಹೋಗುತ್ತಿತ್ತು. ಆ ಜಾಸ್ತಿ ಮೂವತ್ತು ಸಾವಿರ ಬಂದದ್ದು ಹೀಗೆ. ಪಿನ್ನಿನ ಬುಡದಲ್ಲಿ ಬೆಳ್ಳಗೆ ಗಟ್ಟಿಯಾದ ಜಿಡ್ಡು ಇತ್ತು. ಮೂಗಿನ ಹತ್ತಿರ ತಂದೆ. ಕೊಬ್ಬರಿ ಎಣ್ಣೆ! ಹಿಂದಿನ ಯಾರೋ ಪುಣ್ಯಾತ್ಮರು ಮಷಿನ್ ನುಣ್ಣಗೆ ತಿರುಗಲಿ ಎಂದು ತಲೆಗೆ ಹಾಕುವ ಎಣ್ಣೆ ಹಾಕಿದ್ದರು. ಚಳಿಯ ಬೆಳಿಗ್ಗೆ ಅದು ಹೆಪ್ಪುಗಟ್ಟಿ ಪಿನ್ನನ್ನು ಹಿಡಿದಿಡುತ್ತಿತ್ತು, ಮಧ್ಯಾಹ್ನ ಕರಗಿ ಬಿಡುತ್ತಿತ್ತು.

ಸೀಮೆಎಣ್ಣೆಯಲ್ಲಿ ಅದ್ದಿದ ಚಿಕ್ಕ ಬ್ರಷ್‌ನಿಂದ ಪಿನ್‌ಗಳ ಬುಡವನ್ನೆಲ್ಲ ತೊಳೆದೆ. ಕಿಟಕಿ ತೆಗೆದಿಟ್ಟು, ಒಲೆ ದೀಪ ದೂರ ಇಟ್ಟು ಮಾಡಿ. ಒಂದು ದಿನ ಒಣಗಲು ಬಿಟ್ಟು, ಗುಂಡುಸೂಜಿಯ ತುದಿಯಿಂದ ಪ್ರತಿ ಪಿನ್ನಿಗೂ ಹೊಲಿಗೆ ಮಷಿನ್ ಎಣ್ಣೆಯ ಒಂದೇ ಹನಿ. ಮರುದಿನ ಬೆಳಿಗ್ಗೆ ಆರೂವರೆಗೆ, ಸ್ವೆಟರ್ ಹಾಕಿಕೊಂಡು, 2,500 ಇಟ್ಟು ಏಳು ಸುತ್ತು ತಿರುಗಿಸಿದೆ. 17,500.